ಮಂಡ್ಯದ ಭೂಪಟಕ್ಕೆ ಯಾವ ಬಣ್ಣ?

2021ರಲ್ಲಿ ನಡೆಯಬೇಕಾಗಿದ್ದ ಖಾನೇಷುಮಾರಿಯು ನಡೆಯದೆ ಹೋಗಿ, ಕೇಂದ್ರ ಸರ್ಕಾರದವರು 2025ರ ಜೂನಿನಲ್ಲಿ ಮುಂದಿನ ಗಣತಿಗೆ 2027ರ ಮಾರ್ಚಿ 1ನೆಯ ತಾರೀಖನ್ನು ಗೊತ್ತುಮಾಡಿದರು. ಹೊಸ ಅಂಕಿಗಳಿಗಾಗಿ ಕಾಯುವವರು 2011ರ ಅಂಕಿಗಳನ್ನು ಹೇಗೆ ಓದಿದರೆಂದು ವಿಚಾರಮಾಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಆ ಗಣತಿಯಂತೆ ಮಂಡ್ಯ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 995 ಮಂದಿ ಹೆಂಗಸರು. ರಾಜ್ಯದ ಸರಾಸರಿ 973. ಜಿಲ್ಲೆಗೊಂದು ಬಣ್ಣವಿಟ್ಟು ಕರ್ಣಾಟಕದ ಪಟವನ್ನು ಬರೆದರೆ ಮಂಡ್ಯವು ಶ್ಲಾಘ್ಯವಾದ ಬಣ್ಣವನ್ನೇ ಧರಿಸುತ್ತದೆ. ಆದರೆ ಆರು ವರ್ಷದವರೆಗಿನ ಮಕ್ಕಳನ್ನು ಮಾತ್ರ ಎಣಿಸಿದರೋ, ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ಸುಮಾರು 940. ರಾಜ್ಯದ ಸರಾಸರಿಗೂ ಕೆಳಗೆ! ದುಡಿಮೆಗಾಗಿ ಗಂಡಸರು ಬೆಂಗಳೂರಿಗೆ ಹೋದರೂ ಮೊದಲನೆಯ ಅಂಕಿ ಏರುತ್ತದೆ. ಅದರಿಂದ ತೊಟ್ಟಿಲಿನ ಸುದ್ದಿ ತಿಳಿಯುವುದಿಲ್ಲ. 2023ರ ನವೆಂಬರಿನಲ್ಲಿ ಮಂಡ್ಯದ ಸಮೀಪದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗವನ್ನು ಪತ್ತೆಮಾಡುತ್ತಿದ್ದ ಜಾಲವು ಬಯಲಾದಾಗ ನಾಡೇ ಬೆರಗಾಯಿತು. ಎರಡನೆಯ ಪಟವನ್ನು ನೋಡಿದವರಿಗೆ ಬೆರಗಾಗಲು ಕಾರಣವಿರಲಿಲ್ಲ.

ಇಂತಹ ಪಟವನ್ನು ಬರೆಯುವುದು ಈಗ ದುಬಾರಿಯ ಕೆಲಸವಲ್ಲ. ಕ್ಯೂಜಿಐಎಸ್ ಎಂಬ ತಂತ್ರಾಂಶವು ಕಾಸಿಲ್ಲದೆ ದೊರೆಯುತ್ತದೆ. 2011ರ ಗಣತಿಯಲ್ಲಿ ಪ್ರತಿ ಗ್ರಾಮಕ್ಕೂ ಆರಂಕಿಯ ಸಂಕೇತಸಂಖ್ಯೆಯುಂಟು. ಅಂಕಿಗಳ ಕೋಷ್ಟಕವನ್ನು ಗ್ರಾಮಗಳ ಎಲ್ಲೆಗಳೊಡನೆ ಆ ಸಂಖ್ಯೆಯಿಂದ ಜೋಡಿಸಿದರೆ ಸಾಕು, ಬಣ್ಣವನ್ನು ಯಂತ್ರವೇ ತುಂಬುತ್ತದೆ. ವಿವೇಕವನ್ನು ಮಾತ್ರ ತುಂಬುವುದಿಲ್ಲ. ಅಂಕಿಗಳನ್ನು ಸಮಾನ ಅಂತರದ ಐದು ವರ್ಗಗಳಾಗಿ ಮಾಡಿದರೆ ಒಂದು ಚಿತ್ರ. ಪ್ರತಿ ವರ್ಗಕ್ಕೂ ಸಮಸಂಖ್ಯೆಯ ಗ್ರಾಮಗಳು ಬರುವಂತೆ ಮಾಡಿದರೆ ಬೇರೊಂದು ಚಿತ್ರ. ಮೇಲಿನವರನ್ನು ಮೆಚ್ಚಿಸಬೇಕೆಂಬುವರಿಗೆ ಇಲ್ಲಿ ಅವಕಾಶ ಬೇಕಾದಷ್ಟಿದೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಡೆಯ ಕಾಡು ಪಟದಲ್ಲಿ ವಿಶಾಲವಾಗಿ ಹರಡಿಕೊಂಡರೆ, ಜನದಟ್ಟಣೆಯ ಮಂಡ್ಯ ನಗರವು ಬೆರಳ ತುದಿಯಷ್ಟೇ ಕಾಣುತ್ತದೆ. ಮೂವತ್ತು ಮಕ್ಕಳಿರುವ ಹಳ್ಳಿಯಲ್ಲಂತೂ ಹೆಣ್ಣೊಂದು ಹೆಚ್ಚಾಗಿ ಹುಟ್ಟಿದ ಮಾತ್ರಕ್ಕೆ ಬಣ್ಣವೇ ಬದಲಾದೀತು.

ಆದುದರಿಂದ ಗ್ರಾಮಗಳನ್ನು ಹೋಬಳಿವಾರಾಗಿ ಕೂಡಿಸಿ, ವರ್ಗಗಳ ಮೇರೆಗಳನ್ನೂ ಮಕ್ಕಳ ಸಂಖ್ಯೆಯನ್ನೂ ಪಟದ ಮೇಲೆಯೇ ಕನ್ನಡದಲ್ಲಿ ಅಚ್ಚುಮಾಡಿಸಿ ಪ್ರಕಟಿಸಬೇಕೆಂದು ಜಿಲ್ಲೆಯ ಅಧಿಕಾರಿವರ್ಗದವರನ್ನು ಕೇಳುತ್ತೇವೆ. ಹತ್ತು ವರ್ಷಕ್ಕೊಮ್ಮೆ ಬರೆದರೆ ಸಾಲದು. ಜನನದ ನೋಂದಣಿಯು ಪ್ರತಿದಿನವೂ ನಡೆಯುತ್ತಿದೆ. ಮದ್ದೂರಿನ ಹಳ್ಳಿಯಾಕೆ ಮಂಡ್ಯದ ಆಸ್ಪತ್ರೆಯಲ್ಲಿ ಹೆತ್ತರೆ ಮಗುವು ಮಂಡ್ಯದ ಲೆಕ್ಕಕ್ಕೆ ಸೇರುವುದು ನಿಜ. ಆದರೆ ತಾಯಿಯ ವಾಸಸ್ಥಳವನ್ನೂ ಬರೆದುಕೊಳ್ಳುತ್ತಾರಷ್ಟೆ, ಅದರಂತೆ ವಿಂಗಡಿಸಿದರೆ ವರ್ಷವರ್ಷದ ಪಟವು ಸಿದ್ಧವಾಗುತ್ತದೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾನೂನಿನಂತೆ ತನಿಖೆಗೆ ಹೊರಡುವವರು ನೋಂದಾಯಿತ ಕೇಂದ್ರಗಳ ಪಟ್ಟಿಯೊಡನೆ ಈ ಪಟವನ್ನೂ ಕೈಯಲ್ಲಿ ಹಿಡಿದಿರಲಿ. ಪಟ್ಟಿಯಲ್ಲಿ ಆಲೆಮನೆಗಳ ಹೆಸರಿರುವುದಿಲ್ಲ.