ಮೂಳೆಗೆ ಮದ್ದು, ಮೂತ್ರಪಿಂಡದ ಮೇಲೂ ಕಣ್ಣಿರಲಿ

ಕ್ಯಾನ್ಸರ್ ಮೂಳೆಗೂ ಹಬ್ಬಿದೆ ಎಂದರೆ ಮನೆಮಂದಿಗೆ ದಿಕ್ಕೇ ತೋಚದು. ಅಂಥವರ ಮೂಳೆ ಮುರಿಯದಿರಲೆಂದು ಡಾಕ್ಟರು ಝೋಲೆಡ್ರಾನಿಕ್ ಆಸಿಡ್ ಎಂಬ ಮದ್ದನ್ನು ಡ್ರಿಪ್ಪಿನಲ್ಲಿ ಕೊಡುವುದುಂಟು. ನಮ್ಮ ಹಿರಿಯ ಓರಗಿತ್ತಿಗೂ ಕೊಡುತ್ತಿದ್ದಾರೆ. "ಮೂಳೆ ಇಂಜೆಕ್ಷನ್ನಿಗೆ ಪ್ರತಿ ಸಲ ಕಿಡ್ನಿ ಪರೀಕ್ಷೆ ಯಾಕೆ ಚಿಕ್ಕಮ್ಮ? ದುಡ್ಡು ದಂಡ" ಎಂದ ಅವರ ಮಗ. ಖಂಡಿತ ದಂಡವಲ್ಲ.

ಈ ಮದ್ದು ಒಂದಷ್ಟು ಮೂಳೆಗೆ ಅಂಟಿಕೊಳ್ಳುತ್ತದೆ. ಉಳಿದದ್ದು ಮೂತ್ರಪಿಂಡದ ಮೂಲಕವೇ ಹೊರಗೆ ಹೋಗಬೇಕು. ಬಟ್ಟೆಯಲ್ಲಿ ಕಷಾಯ ಸೋಸುವಾಗ ನಿಧಾನವಾಗಿ ಹೊಯ್ಯುತ್ತೇವಲ್ಲ, ಇದೂ ಹಾಗೆಯೇ. ಮೊದಲ ಪ್ರಯೋಗಗಳಲ್ಲಿ 5 ನಿಮಿಷದಲ್ಲಿ ಏರಿಸಿದಾಗ, 8 ಮಿಲಿಗ್ರಾಂ ಕೊಟ್ಟಾಗ ಮೂತ್ರಪಿಂಡಕ್ಕೆ ತೊಂದರೆ ಕಂಡಿತು. ಆದ್ದರಿಂದ 4 ಮಿಲಿಗ್ರಾಂ, ಕಡಿಮೆಯೆಂದರೆ 15 ನಿಮಿಷ ಎಂದು ಗೊತ್ತುಮಾಡಿದರು. "ಬಸ್ಸಿಗೆ ಹೊತ್ತಾಯ್ತು, ಬೇಗ ಬಿಡಿ ಸಿಸ್ಟರ್" ಎಂದು ಅವಸರ ಮಾಡಬೇಡಿ.

ಮೂತ್ರಪಿಂಡ ಸೋತರೂ ಮೊದಲಿಗೆ ನೋವಿರುವುದಿಲ್ಲ. ರಕ್ತದ ಕ್ರಿಯಾಟಿನಿನ್ ಪರೀಕ್ಷೆಯೇ ಅದನ್ನು ಹೇಳಬೇಕು. ಶಕ್ತಿ ಕುಂದಿದ್ದರೆ ಮದ್ದಿನ ಪ್ರಮಾಣ ಇಳಿಸುತ್ತಾರೆ. ತೀರಾ ಕುಂದಿದ್ದರೆ ಸಾಮಾನ್ಯವಾಗಿ ಕೊಡುವುದೇ ಇಲ್ಲ.

ನಾವು ಮಾಡಬೇಕಾದದ್ದು ಇಷ್ಟು:

• ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ ಮುಚ್ಚಿಡದೆ ಹೇಳಿ.

• ಅಂಗಡಿಯಿಂದ ತಂದ ಡೈಕ್ಲೋಫಿನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳೂ ಮೂತ್ರಪಿಂಡಕ್ಕೆ ಭಾರ. ಕೇಳದೆ ನುಂಗಿಸಬೇಡಿ.

• ವಾಂತಿ ಭೇದಿಯಾಗಿ ಮೈ ಒಣಗಿದ್ದರೆ ಡ್ರಿಪ್ಪಿಗೆ ಮುಂಚೆಯೇ ತಿಳಿಸಿ. ಡಾಕ್ಟರು ನೀರಿಗೆ ಮಿತಿ ಹೇಳಿಲ್ಲದಿದ್ದರೆ ಚೆನ್ನಾಗಿ ನೀರು, ತೆಳು ಮಜ್ಜಿಗೆ ಕೊಡಿ.

• ಮೂತ್ರ ಕಡಿಮೆಯಾದರೆ, ಕಾಲು ಊದಿದರೆ ಮುಂದಿನ ಸರದಿಯವರೆಗೆ ಕಾಯಬೇಡಿ.

• ಮದ್ದು ಶುರುವಾಗುವ ಮೊದಲೇ ಹಲ್ಲು ತೋರಿಸಿ. ದವಡೆಯ ಮೂಳೆ ಕೆಡುವ ಅಪಾಯವೂ ಸ್ವಲ್ಪ ಇದೆ.

ಮೂತ್ರಪಿಂಡ ಕುಂದಿದವರಿಗೆ ಡೆನೋಸುಮ್ಯಾಬ್ ಎಂಬ ಇನ್ನೊಂದು ಮದ್ದಿದೆ. ಅದು ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್. ಮೂತ್ರಪಿಂಡದ ಮೂಲಕ ಹೋಗುವಂಥದ್ದಲ್ಲ. ಆದರೆ ಅಂಥವರಲ್ಲೇ ರಕ್ತದ ಕ್ಯಾಲ್ಸಿಯಂ ಜಾಸ್ತಿ ಇಳಿಯುವ ಭಯ. ತುಟಿ, ಬೆರಳು ಜುಮ್ಮೆಂದರೆ, ಕೈಕಾಲು ಸೆಳೆದರೆ ಕೂಡಲೇ ಡಾಕ್ಟರಿಗೆ ಹೇಳಬೇಕು.

ಇನ್ನೊಂದು ಮಾತು. ಝೋಲೆಡ್ರಾನಿಕ್ ಡ್ರಿಪ್ಪನ್ನು 4 ವಾರದ ಬದಲು 12 ವಾರಕ್ಕೊಮ್ಮೆ ಕೊಟ್ಟರೂ ಮೂಳೆಗೆ ರಕ್ಷಣೆ ಕಡಿಮೆಯಾಗಲಿಲ್ಲ ಎಂದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ನಿಮ್ಮವರಿಗೆ ಅದು ಆದೀತೇ ಎಂದು ಕೇಳಿ. ನೀವಾಗಿ ಮಾತ್ರ ತಪ್ಪಿಸಬೇಡಿ.

ಹಾಲಿನ ಲೆಕ್ಕ ಬರೆದಿಡುವ ಹಾಗೆ ಪ್ರತಿ ಸಲದ ಕ್ರಿಯಾಟಿನಿನ್ ಅಂಕಿಯನ್ನೂ ತಾರೀಖು ಹಾಕಿ ಬರೆದಿಡಿ. ಅಂಕಿ ಏರುತ್ತಿದ್ದರೆ ನಿಮ್ಮ ಕಣ್ಣಿಗೇ ಬೀಳುತ್ತದೆ.