ಗರ್ ಅನ್ನೋ ಕಂಪ್ಯೂಟರಿಗೆ ಬೇಕಿರೋದು ಫ್ಯಾನು, ಹೊಸ ಕಂಪ್ಯೂಟರ್ ಅಲ್ಲ

ಮಿಕ್ಸಿ ಸದ್ದು ಒಂಚೂರು ಬದಲಾದ್ರೆ ಸಾಕು, ನಡುಮನೇಲಿದ್ರೂ ನಮಗೆ ಗೊತ್ತಾಗುತ್ತೆ. ಜಾರ್ ಕೆಳಗಿನ ಕಪ್ಲರ್ ಸವೆದಿದ್ಯೋ, ಗ್ರೈಂಡರ್ ಬೆಲ್ಟ್ ಜಾರ್ತಿದ್ಯೋ, ಕಿವಿಯಲ್ಲೇ ಹೇಳ್ತೀವಿ. ಸೀಲಿಂಗ್ ಫ್ಯಾನ್ ನಿಧಾನ ಆದ್ರೆ "ಕಂಡೆನ್ಸರ್ ಹಾಕ್ಸಿ" ಅಂತೀವೇ ಹೊರತು ಫ್ಯಾನನ್ನೇ ಎಸೀರಿ ಅನ್ನಲ್ಲ. ಕಂಪ್ಯೂಟರ್ ಗರ್ ಅಂದಾಗ ಮಾತ್ರ "ಅದು ನಮಗೆ ಗೊತ್ತಾಗಲ್ಲಪ್ಪ" ಅಂತ ಕೈಕಟ್ಟಿ ನಿಂತ್ಕೋತೀವಿ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಕೃಷ್ಣಮೂರ್ತಿಪುರಂ ಬೀದೀಲೇ ಒಬ್ಬರು ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡ್ಕೊಟ್ಟು ಮನೆ ಖರ್ಚು ತೂಗಿಸ್ತಾರೆ. ಯುಗಾದಿ ಆದ್ಮೇಲೆ ಅವರ ಕಂಪ್ಯೂಟರ್ ಹಿಟ್ಟಿನ ಗಿರಣಿ ಥರ ಸದ್ದು ಮಾಡೋಕೆ ಶುರುವಾಯ್ತು. ವಿಚಾರಿಸಿದ ಕಡೆ "ಹಳೇದಾಯ್ತು, ಹೊಸದು ತಗೊಳ್ಳಿ" ಅಂದ್ರಂತೆ. ಮಗಳ ಫೀಸಿಗೆ ಅಂತ ಕಟ್ತಿದ್ದ ಚೀಟಿ ಎತ್ತೋಕೆ ಹೊರಟಿದ್ರು. ಇಬ್ಬರೂ ಸೇರಿ ಪೆಟ್ಟಿಗೆ ತೆಗೆದು ನೋಡಿದ್ವಿ. ಕೆಟ್ಟಿದ್ದು ಹಿಂದಿನ ಒಂದು ಫ್ಯಾನು, ಅಷ್ಟೇ. ಅದಕ್ಕೆ ಬೇಕಾದ್ದು ಕೆಲವು ನೂರು ರೂಪಾಯಿ.

ಕಂಡುಹಿಡಿಯೋದು ಬ್ರಹ್ಮವಿದ್ಯೆ ಏನಲ್ಲ. ಮೇಜಿನ ಮೇಲಿಡೋ ಕಂಪ್ಯೂಟರಲ್ಲಿ ಸಾಮಾನ್ಯವಾಗಿ ಎರಡು-ಮೂರು ಫ್ಯಾನ್ ಇರುತ್ತೆ: ಪ್ರೊಸೆಸರ್ ಮೇಲೊಂದು, ಪೆಟ್ಟಿಗೆ ಹಿಂಭಾಗದಲ್ಲೊಂದು, ಕರೆಂಟ್ ಕೊಡೋ ಎಸ್‌ಎಂಪಿಎಸ್ ಒಳಗೊಂದು. ಹಳೇ ಪೇಪರ್ ಕೊಳವೆ ಥರ ಸುತ್ತಿ, ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನ ಪೆಟ್ಟಿಗೆ ಹತ್ರ ಹಿಡೀರಿ. ಸದ್ದು ಯಾವ ಕಡೆಯಿಂದ ಅಂತ ತಿಳಿಯುತ್ತೆ. ಟಿಕ್ ಟಿಕ್ ಅಂದ್ರೆ ಯಾವುದೋ ವೈರು ರೆಕ್ಕೆಗೆ ತಾಗ್ತಿರಬಹುದು. ಡಬಡಬ ನಡುಗಿದ್ರೆ ಸ್ಕ್ರೂ ಸಡಿಲ. ಕೆಲಸ ಜಾಸ್ತಿಯಾದಾಗ, ಮಧ್ಯಾಹ್ನದ ಸೆಕೇಲಿ ಮಾತ್ರ ಜೋರಾಗಿ ಬೀಸಿದ್ರೆ ಫ್ಯಾನ್ ಕೆಟ್ಟಿಲ್ಲ, ಒಳಗೆ ಧೂಳು ಕೂತು ಶಾಖ ಏರಿದೆ. ಬೆಳಗ್ಗೆ ಆನ್ ಮಾಡಿದ ತಕ್ಷಣ ಗರಗರ ಅಂದು ಆಮೇಲೆ ತಣ್ಣಗಾದ್ರೆ ಬೇರಿಂಗಿನ ಎಣ್ಣೆ ಒಣಗ್ತಾ ಇದೆ ಅಂತ ಲೆಕ್ಕ.

ಮುಂದಿನದ್ದು ಪ್ಲಗ್ ಕಿತ್ತ ಮೇಲೆ. ಮುಚ್ಚಳ ತೆಗೆದು, ಮೊದಲು ಪೆಟ್ಟಿಗೆಯ ಬರೀ ಲೋಹ ಮುಟ್ಟಿ; ಮೈಮೇಲಿನ ವಿದ್ಯುತ್ ಅಲ್ಲೇ ಹೋಗ್ಲಿ. ರೆಕ್ಕೆಯನ್ನ ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಚೆನ್ನಾಗಿರೋದು ಹಗುರಾಗಿ ಸುತ್ತಿ ನಿಲ್ಲುತ್ತೆ. ತಡೆದು ತಡೆದು ನಿಂತ್ರೆ, ಅಲುಗಾಡಿದ್ರೆ, ಬೇರಿಂಗ್ ಮುಗೀತು. ಧೂಳನ್ನ ಮೆತ್ತನೆ ಬ್ರಷ್ಷಲ್ಲಿ ತೆಗೀರಿ. ಬ್ಲೋಯರ್ ಹಾಕಿದ್ರೆ ರೆಕ್ಕೆ ಹಿಡ್ಕೊಳ್ಳಿ, ಸುಮ್ನೆ ಗಿರಗಿರ ತಿರುಗೋಕೆ ಬಿಡಬೇಡಿ.

ಕೆಲವರು ಒಂದು ಹನಿ ಕೊಬ್ಬರಿ ಎಣ್ಣೆ ಬಿಡಿ ಅಂತಾರೆ. ಖಂಡಿತ ಬೇಡ. ಮೈಸೂರಿನ ಡಿಸೆಂಬರ್ ಬೆಳಗ್ಗೆ ಬಾಟಲಿ ಎಣ್ಣೆ ಗಟ್ಟಿಯಾಗೋದು ನೋಡಿಲ್ವಾ? ಬೇರಿಂಗಲ್ಲೂ ಅದೇ ಕಥೆ. ಹೊಲಿಗೆ ಮಿಷಿನ್ ಎಣ್ಣೆ ಒಂದು ಹನಿ ಕೆಲವು ದಿನ ತಳ್ಳುತ್ತೆ, ಆದ್ರೆ ಅದು ಔಷಧಿ ಅಲ್ಲ.

ಹೊಸ ಫ್ಯಾನ್ ತರೋವಾಗ ಹಳೇದನ್ನೇ ಕೈಲಿಟ್ಕೊಂಡು ಹೋಗಿ. ಕೆಲಸ ಮುಖ್ಯವಾಗಿ ಮೂರು ವಿಷಯದ್ದು: ಅಳತೆ 80, 92 ಅಥವಾ 120 ಮಿಲಿಮೀಟರ್, ವೋಲ್ಟೇಜ್ ಹೆಚ್ಚಾಗಿ 12, ವೈರಿನ ತುದಿಯ ಪಿನ್ನು 3 ಅಥವಾ 4. ಬಿಚ್ಚೋ ಮೊದಲು ಮೊಬೈಲಲ್ಲಿ ಫೋಟೋ ತೆಗೆದಿಡಿ. ಹಿಂದಿನ ಫ್ಯಾನ್ ಗಾಳೀನ ಹೊರಗೆ ತಳ್ಳಬೇಕು. ಎಷ್ಟೋ ಫ್ಯಾನಿನ ಚೌಕಟ್ಟಲ್ಲಿ ಬಾಣದ ಗುರುತು ಇರುತ್ತೆ, ಅದು ನೋಡಿ ಹಾಕಿ.

ಎರಡು ಕಡೆ ಮಾತ್ರ ಕೈ ಹಾಕಬೇಡಿ. ಎಸ್‌ಎಂಪಿಎಸ್ ಡಬ್ಬಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಲ್ಲಿ ಕರೆಂಟ್ ಉಳಿದಿರುತ್ತೆ. ಪ್ರೊಸೆಸರ್ ಮೇಲಿನ ಲೋಹದ ದಿಮ್ಮಿ ಎತ್ತಬೇಡಿ. ಎತ್ತಿದ್ರೆ ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು. ಲ್ಯಾಪ್‌ಟಾಪ್ ಆದ್ರೆ ಒಂದೊಂದು ಮಾಡೆಲ್‌ಗೂ ಫ್ಯಾನ್ ಬೇರೆ, ಅದು ಕೈ ಪಳಗಿದವರ ಕೆಲಸ. ವಾರಂಟಿ ಇದ್ರೆ ಏನೂ ಬಿಚ್ಚಬೇಡಿ. ಹಾಗಂತ ಸದ್ದು ಬರ್ತಿದ್ರೂ ಸುಮ್ನಿರೋದೂ ಬೇಡ. ಫ್ಯಾನ್ ನಿಂತೇ ಹೋದ್ರೆ ಶಾಖಕ್ಕೆ ಮಿಷಿನ್ ತಾನೇ ಆಫ್ ಆಗುತ್ತೆ, ಟೈಪ್ ಮಾಡಿದ್ದು ಸೇವ್ ಆಗದೆ ಹೋಗುತ್ತೆ.

"ಇಷ್ಟೆಲ್ಲಾ ಯಾರು ಮಾಡ್ತಾರೆ, ಅಂಗಡಿಗೆ ಕೊಟ್ರಾಯ್ತು" ಅಂತ ನಮ್ಮತ್ತಿಗೆ ಅಂತಾರೆ. ಕೊಡಿ, ತಪ್ಪೇನಿಲ್ಲ. ಆದ್ರೆ "ಹಿಂದಿನ ಫ್ಯಾನಿನ ಬೇರಿಂಗ್ ಹೋಗಿದೆ" ಅಂತ ಹೇಳಿ ಕೊಡೋದಕ್ಕೂ, "ಏನೋ ಸದ್ದು ಬರ್ತಿದೆ ನೋಡಿ" ಅನ್ನೋದಕ್ಕೂ ಬಿಲ್ಲಲ್ಲಿ ವ್ಯತ್ಯಾಸ ಇದೆ. ರಿಪೇರಿ ಮಾಡಿಸೋದು ಗ್ರಾಹಕರ ಹಕ್ಕು ಅಂತ ಕೇಂದ್ರ ಸರ್ಕಾರವೇ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಜಾಲತಾಣ ತೆರೆದಿದೆ. ಹಾಗಿರೋವಾಗ ಕೇಳೋಕೆ ನಮಗೇನು ಸಂಕೋಚ?

ಆದ್ದರಿಂದ ಯಾರಾದ್ರೂ "ಹೊಸದೇ ತಗೊಳ್ಳಿ ಮೇಡಂ" ಅಂದ್ರೆ ಒಂದೇ ಪ್ರಶ್ನೆ ಕೇಳಿ: "ಯಾವ ಭಾಗ ಹೋಗಿದೆ?" ಅದಕ್ಕೆ ನೆಟ್ಟಗೆ ಉತ್ತರ ಬರೋವರೆಗೂ ಚೀಟಿ ದುಡ್ಡು ಚೀಟೀಲೇ ಇರ್ಲಿ.