ಅಕ್ಷರವೇಕೆ ಕುಗ್ಗಿತು?

ದುರ್ಗದಬೈಲಿನ ಒಂದಂಗಡಿಯಲ್ಲಿ ಒಂದು ಕಿಲೋ ತೂಗಿದ ಬೆಲ್ಲ ಪಕ್ಕದಂಗಡಿಯ ತಕ್ಕಡಿಯಲ್ಲಿ ಆರುನೂರು ಗ್ರಾಮಿಗೆ ಇಳಿದರೆ ಗಿರಾಕಿ ಸುಮ್ಮನಿರುವನೇ? ಜಗಳಕ್ಕೇ ನಿಲ್ಲುವನು. ಆದರೆ ಲಿನಕ್ಸ್ ಗಣಕದ ಹೊರಪರದೆಯಲ್ಲಿ ದುಂಡಗೆ ಕಂಡ ಅಕ್ಷರ ಲ್ಯಾಪ್‌ಟಾಪಿನ ಪರದೆಗೆ ಸರಿದೊಡನೆ ಅಷ್ಟೇ ಕುಗ್ಗಿದರೆ, ಅದೇ ಗಿರಾಕಿ ತನ್ನ ಕಣ್ಣನ್ನು ದೂರುತ್ತ ಕನ್ನಡಕದಂಗಡಿಗೆ ಹೊರಡುತ್ತಾನೆ.

ದೋಷ ಕಣ್ಣಿನದಲ್ಲ, ಲೆಕ್ಕದ್ದು. ಪರದೆಯ ಮೇಲಿನ ಚಿತ್ರವೆಲ್ಲ ಚುಕ್ಕೆಗಳ ರಂಗೋಲಿ. ಅಡ್ಡಕ್ಕೆ 1920, ಎತ್ತರಕ್ಕೆ 1080 ಚುಕ್ಕೆಗಳನ್ನು 24 ಅಂಗುಲದ ಪರದೆಯಲ್ಲಿ ಹರಡಿದರೆ ಅಂಗುಲಕ್ಕೆ ಸುಮಾರು 92 ಬೀಳುತ್ತವೆ. ಅಷ್ಟನ್ನೇ 14 ಅಂಗುಲದಲ್ಲಿ ಅಡಕಿದರೆ ಸುಮಾರು 157. ಸೀಸದ ಮೊಳೆಗಳ ಕಾಲದಲ್ಲಿ 12 ಪಾಯಿಂಟೆಂದರೆ ಸುಮಾರು ಅಂಗುಲದ ಆರನೆಯ ಒಂದು ಪಾಲು. ಒಂದೇ ಅಳತೆಪದ್ಧತಿಯ ಮುದ್ರಣಾಲಯಗಳಲ್ಲಿ ಅದು ಬದಲಾಗುತ್ತಿರಲಿಲ್ಲ. ಗಣಕವಾದರೋ ಪಾಯಿಂಟನ್ನು ಚುಕ್ಕೆಗಳಾಗಿ ಎಣಿಸುತ್ತದೆ. 1987ರಲ್ಲಿ ಬಂದ ಎಕ್ಸ್11 ಎಂಬ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಎಲ್ಲ ಪರದೆಗಳಿಗೂ ಒಂದೇ ಲೆಕ್ಕ: ಅಂಗುಲಕ್ಕೆ 96. ಆ ಪ್ರಕಾರ 12 ಪಾಯಿಂಟಿಗೆ 16 ಚುಕ್ಕೆ. ಹೊರಪರದೆಯಲ್ಲಿ ಇದು ಹಳೆಯ ಅಳತೆಗೆ ಹತ್ತಿರವೇ. ಲ್ಯಾಪ್‌ಟಾಪಿನಲ್ಲಿ ಅಂಗುಲದ ಹತ್ತನೆಯ ಒಂದು ಪಾಲು ಮಾತ್ರ!

ಕನ್ನಡಿಗನಿಗೆ ಇದು ಸಣ್ಣ ತೊಂದರೆಯಲ್ಲ. ನಮ್ಮ ವ, ಪ, ಷಗಳ ನಡುವಿನ ಅಂತರ ಒಂದೊಂದು ಗೆರೆ; ಒತ್ತಕ್ಷರವಂತೂ ಮೊದಲೇ ಚಿಕ್ಕದು. ಲಗ್ನಪತ್ರಿಕೆಯನ್ನು ಜೋಡಿಸುವವನ ಕಣ್ಣಿಗೆ ಆ ಗೆರೆ ತಪ್ಪಿದರೆ, ಸಾವಿರ ಪ್ರತಿ ಅಚ್ಚಾಗುವಷ್ಟರಲ್ಲಿ ಒಂದು ಮನೆತನದ ಹೆಸರೇ ಕೆಟ್ಟಿರುತ್ತದೆ.

ಪರಿಹಾರವುಂಟು. ಒಂದೇ ಕಿಟಕಿಯನ್ನು ಎರಡೂ ಪರದೆಗಳಿಗೆ ಸರಿಸಿ, ಅಳತೆಪಟ್ಟಿ ಹಿಡಿದು ನೋಡಿರಿ. ಒಂದೇ ತಂತ್ರಾಂಶದಲ್ಲಿ ಮಾತ್ರ ಅಕ್ಷರ ಸಣ್ಣದಿದ್ದರೆ ಅದರೊಳಗಿನ ಗಾತ್ರವನ್ನು ತಿದ್ದಿದರೆ ಸಾಕು. ಎಲ್ಲೆಡೆಯೂ ಹಾಗಿದ್ದರೆ ಲಾಗಿನ್ ಮಾಡುವಾಗ ವೇಲ್ಯಾಂಡನ್ನು ಆರಿಸಿಕೊಳ್ಳಿರಿ. 2008ರಲ್ಲಿ ಆರಂಭವಾದ ಈ ವ್ಯವಸ್ಥೆ ಪ್ರತಿಯೊಂದು ಪರದೆಗೂ ಬೇರೆ ಲೆಕ್ಕವಿಡಬಲ್ಲದು. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದಲ್ಲಿ ಹೊರಪರದೆಗೆ ಶೇಕಡಾ 100, ಲ್ಯಾಪ್‌ಟಾಪಿಗೆ 150 ಅಥವಾ 175 ಎಂದು ಸ್ಕೇಲ್ ಇಡಿರಿ. ಕೆಲವು ಹಳೆಯ ತಂತ್ರಾಂಶಗಳು ಆಗ ತುಸು ಮಸುಕಾಗಿ ಕಂಡಾವು. ಎಕ್ಸ್11 ಬಿಡಲಾರದವರು ಅಕ್ಷರಗಳನ್ನು ಒಟ್ಟಾಗಿ ಹಿಗ್ಗಿಸಬಹುದು. ಹೊರಪರದೆಯ ಅಕ್ಷರವೂ ಜತೆಗೆ ಹಿಗ್ಗುವುದನ್ನು ಸಹಿಸಬೇಕು. ಚುಕ್ಕೆಗಳ ಸಂಖ್ಯೆಯನ್ನೇ ಇಳಿಸುವ ಅಡ್ಡದಾರಿ ಮಾತ್ರ ಬೇಡ. ಅಕ್ಷರ ದೊಡ್ಡದಾದರೂ ಅದರ ಅಂಚು ಕದಡುತ್ತದೆ.

ಇಷ್ಟೆಲ್ಲ ಮಾಡಿಯೂ ಅಕ್ಷರ ಕಾಣದಿದ್ದರೆ, ಆಗ ಕಣ್ಣಿನ ವೈದ್ಯರನ್ನು ಕಾಣುವುದು ಲೇಸು.